ಹತ್ತು ದಿನವೂ ಹನ್ನೊಂದನೇ ತಾರೀಖು

ನಾನು ಅರ್ಜಿ ತೆಗೆದುಕೊಳ್ಳುವ ಒಂದು ವೆಬ್ ಪ್ರೋಗ್ರಾಂ. ಕೊಪ್ಪಳ ಸೀಮೆಯ ತಾಲ್ಲೂಕು ಊರೊಂದರಲ್ಲಿ, ಟ್ರಸ್ಟ್ ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಆಫೀಸು ಕಂಪ್ಯೂಟರಿನಲ್ಲಿ ಹುಟ್ಟಿದೆ. ನನ್ನನ್ನು ಬರೆದವರು ಡಿಪ್ಲೊಮಾ ಕಾಲೇಜಿನ ಮೇಷ್ಟ್ರು ಫಕೀರೇಶ.

ಕಂಪ್ಯೂಟರ್ ಹಚ್ಚಿದಾಗ ನಾನು ಏಳುತ್ತೇನೆ, ಆರಿಸಿದಾಗ ಸಾಯುತ್ತೇನೆ. ನಡುವೆ ಕೋರಿಕೆಗಳು ಬರುತ್ತವೆ. ಹುಡುಗಿಯೊಬ್ಬಳು ವಿವರ ತುಂಬಿ ಗುಂಡಿ ಒತ್ತಿದರೆ ಅದು ಒಂದು ಕೋರಿಕೆ. ಅದರ ಆಯುಷ್ಯ ಒಂದು ಸೆಕೆಂಡೂ ಇಲ್ಲ. ಬರುತ್ತದೆ, ತಪಾಸಣೆಯಾಗುತ್ತದೆ, ಉತ್ತರ ಪಡೆದು ಹೋಗುತ್ತದೆ. ಹೋದ ಮೇಲೆ ನಾನು ಪಾಟಿ ಒರೆಸಿಬಿಡುತ್ತೇನೆ. ಒಪ್ಪಿದ ಅರ್ಜಿ, ತಿರಸ್ಕರಿಸಿದ್ದರ ಎಣಿಕೆ, ಇವೆರಡೇ ಉಳಿಯುತ್ತವೆ. ನಾನು ಎದ್ದಾಗ ಏನು ಮಾಡಬೇಕು, ಕೋರಿಕೆ ಬಂದಾಗ ಏನು, ಹೋಗುವಾಗ ಏನು ಎಂದು ಫಕೀರೇಶ ಸರ್ ಬೇರೆ ಬೇರೆಯಾಗಿ ಬರೆದಿದ್ದರು.

‘ಇವತ್ತು ಎಷ್ಟನೇ ತಾರೀಖು?’ ಎಂದು ಗಡಿಯಾರವನ್ನು ಕೇಳುವ ಕೆಲಸವನ್ನು ಅವರು ಎದ್ದಾಗಿನ ಕೆಲಸಗಳಲ್ಲಿ ಸೇರಿಸಿದರು. ಅದನ್ನು ಪ್ರತಿ ಕೋರಿಕೆ ಬಂದಾಗಲೂ ಕೇಳಬೇಕಿತ್ತು. ಆದರೆ ಆಫೀಸಿನ ಗುಮಾಸ್ತ ದಾವಲಸಾಬರು ಪ್ರತಿ ಸಂಜೆ ಮೇನ್ ಸ್ವಿಚ್ ಆರಿಸಿಯೇ ಬೀಗ ಹಾಕುತ್ತಿದ್ದರು.

“ನೀವು ದಿನಾ ಬಂದ್ ಮಾಡ್ತೀರಿ, ದಿನಾ ಹಚ್ತೀರಿ. ಮುಂಜಾನೆ ಒಮ್ಮೆ ಕೇಳಿದ್ರ ಸಾಕು ಬಿಡ್ರಿ,” ಎಂದಿದ್ದರು ಫಕೀರೇಶ ಸರ್.

ಹೀಗೆ ಮೂರು ವರ್ಷ ನಡೆಯಿತು. ಪ್ರತಿ ಸಂಜೆಯ ಸ್ವಿಚ್ಚು ನನ್ನೊಳಗಿನ ತಪ್ಪನ್ನು ಮುಚ್ಚಿಟ್ಟಿತ್ತು. ನನಗೂ ಅದು ಗೊತ್ತಿರಲಿಲ್ಲ.

ನಾಲ್ಕನೇ ವರ್ಷ ಜುಲೈ ಹನ್ನೊಂದಕ್ಕೆ ಆಫೀಸಿಗೆ ಇನ್ವರ್ಟರ್ ಬಂತು. ಹುಡುಗಿಯರು ಊರಿಂದಲೇ ಮೊಬೈಲಿನಲ್ಲಿ ಅರ್ಜಿ ಹಾಕಲಿ, ಕಡೇ ದಿನವಾದ ಇಪ್ಪತ್ತನೇ ತಾರೀಖಿನವರೆಗೆ ಕಂಪ್ಯೂಟರ್ ಆರಿಸಕೂಡದು ಎಂದು ವಾರ್ಡನ್ ಅಂಗಡಿ ಮೇಡಂ ಹೇಳಿದರು. ದಾವಲಸಾಬರು ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದರು. ನಾನು ಸಾಯಲಿಲ್ಲ. ಮತ್ತೆ ಏಳಲೂ ಇಲ್ಲ.

ಇಪ್ಪತ್ತನೇ ತಾರೀಖು ಮಧ್ಯಾಹ್ನ ಹುಲಿಗೆಮ್ಮ ಎಂಬ ಹುಡುಗಿ ಆಫೀಸಿಗೆ ಬಂದಳು. ಹಿಂದಿನ ದಿನ ಊರಿಂದ ಮೊಬೈಲಿನಲ್ಲಿ ಅರ್ಜಿ ಹಾಕಿದ್ದಳು, ನಾನು ಮರಳಿಸಿದ್ದೆ. ದಾವಲಸಾಬರು ಅವಳ ಆದಾಯ ಪ್ರಮಾಣಪತ್ರ ನೋಡಿ ತಾವೇ ವಿವರ ತುಂಬಿದರು. ನಾನು ಮತ್ತೆ ಅದೇ ಉತ್ತರ ಕೊಟ್ಟೆ: ‘ಪ್ರಮಾಣಪತ್ರದ ದಿನಾಂಕ ಇನ್ನೂ ಬಂದಿಲ್ಲ. ಅರ್ಜಿ ತಿರಸ್ಕೃತ.’

ಮೇಡಂ ಕಾಗದ ಇಸಿದುಕೊಂಡರು. “ಹದಿನೇಳನೇ ತಾರೀಖಿನ ಸಿಕ್ಕಾ ಐತಿ. ಕಂಪ್ಯೂಟರ್ ಯಾಕ ಒಲ್ಲೆ ಅಂತೈತಿ? ಯಾವ ಝೆರಾಕ್ಸ್ ಅಂಗಡಿಯಾಗ ಮಾಡಿಸಿದಿ ಇದನ್ನ?”

“ಖರೇ ಕಾಗದ ಐತ್ರಿ ಮೇಡಂ. ಮೂರ್ ಸಲ ಅಡ್ಡಾಡಿ ತಂದೀನ್ರಿ.”

“ಮಷಿನ್ ಸುಳ್ ಹೇಳ್ತೈತೇನು? ಸುಳ್ ಕಾಗದ ತಂದ್ರ ಪೊಲೀಸ್ರಿಗೆ ಕೊಡ್ಬೇಕಾಕ್ಕೈತಿ, ತಿಳ್ಕೊ.”

“ನಮ್ಮೂರಿಂದ ಕಾಲೇಜಿಗೆ ಬಸ್ಸಿಲ್ರಿ. ಸೀಟ್ ಇಲ್ಲಂದ್ರ ನನಗ ಕಾಲೇಜೂ ಇಲ್ರಿ.”

ಮೇಡಂ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ‘ನಕಲಿ’ ಎಂದು ಬರೆದರೆ ಆ ಕಾಗದ ಎಲ್ಲೂ ನಡೆಯುತ್ತಿರಲಿಲ್ಲ. ಹುಲಿಗೆಮ್ಮ ಅಳಲಿಲ್ಲ. ಮೇಜಿನ ಮೇಲೆ ಅವಳಿಗಿಂತ ಮುಂಚೆ ಬಂದವಳ ರಸೀದಿ ಆಗತಾನೇ ಮುದ್ರಣವಾಗಿ ಬಿದ್ದಿತ್ತು. ಅದನ್ನು ಎತ್ತಿಕೊಂಡು ಓದಿದಳು.

“ಮೇಡಂ, ಇವತ್ತ ಹನ್ನೊಂದೇನ್ರೀ?”

ದಾವಲಸಾಬರು ಗೋಡೆಯ ಕ್ಯಾಲೆಂಡರ್ ನೋಡಿದರು. ರಸೀದಿ ನೋಡಿದರು. ಆಮೇಲೆ ಫೈಲು ತೆಗೆದು ಹತ್ತು ದಿನದ ರಸೀದಿಗಳನ್ನು ಒಂದೊಂದಾಗಿ ಮಗುಚಿದರು. ಎಲ್ಲದರ ಮೇಲೂ ಹನ್ನೊಂದು. ದಿನಾ ಅವರೇ ಸಹಿ ಮಾಡಿದ್ದರು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಆಗ ನನಗೂ ತಿಳಿಯಿತು. ಹೊರಗೆ ಹತ್ತು ದಿನ ಕಳೆದಿದ್ದವು. ನಾನು ಒಂದೇ ದಿನ ಬದುಕಿದ್ದೆ. ಆ ಒಂದು ದಿನವನ್ನು ಅಳತೆಗೋಲು ಮಾಡಿಕೊಂಡು ಖರೇ ಕಾಗದಗಳನ್ನು ಸುಳ್ಳೆಂದಿದ್ದೆ.

ಫೋನಿನಲ್ಲಿ ಎಲ್ಲ ಕೇಳಿ ಫಕೀರೇಶ ಸರ್, “ಒಮ್ಮೆ ಬಂದ್ ಮಾಡಿ ಹಚ್ರಿ,” ಎಂದರು.

ದಾವಲಸಾಬರು ಚೀಟಿ ಕಿತ್ತು ಸ್ವಿಚ್ ಆರಿಸಿದರು. ನಾನು ಸತ್ತೆ. ಎದ್ದಾಗ ತಾರೀಖು ಇಪ್ಪತ್ತು. ಹುಲಿಗೆಮ್ಮನ ಅರ್ಜಿ ಅರೆ ಸೆಕೆಂಡಿನಲ್ಲಿ ಹೋಯಿತು. ಅವಳಿಗೆ ಸೀಟು ಸಿಕ್ಕಿತು.

“ಉಳದವ್ರು ಎಷ್ಟ್ ಮಂದಿ?” ಎಂದು ಮೇಡಂ ಕೇಳಿದರು.

ದಾವಲಸಾಬರು ನನ್ನನ್ನು ತಡಕಾಡಿದರು. “ಈ ಹತ್ತು ದಿನದಾಗ ತಾರೀಖಿನ ಸಲುವಾಗಿ ಒಂಬತ್ತು ಸಲ ಒಲ್ಲೆ ಅಂದೈತ್ರಿ. ಎರಡು ಈಕಿವು. ಉಳದದ್ದು ಏಳು. ಹೆಸರಿಲ್ರಿ, ಊರಿಲ್ರಿ.”

ಮೇಡಂ ಎರಡು ದಿನ ಗಡುವು ಹೆಚ್ಚಿಸಿ ಗೇಟಿಗೆ ಕಾಗದ ಅಂಟಿಸಿದರು. ನಾನು ಮರಳಿಸಿದವರು ಗೇಟಿನ ಹತ್ತಿರ ಇರಲಿಲ್ಲ. ಯಾರೂ ಬರಲಿಲ್ಲ.

ಮರುವರ್ಷ ಟ್ರಸ್ಟ್ ಬೇರೆ ಪ್ರೋಗ್ರಾಂ ತಂದಿತು. ನಾನೀಗ ‘ಹಳೇದು’ ಎಂಬ ಫೋಲ್ಡರಿನಲ್ಲಿದ್ದೇನೆ. ನನ್ನನ್ನು ಯಾರೂ ಎಬ್ಬಿಸುವುದಿಲ್ಲ. ತಿರಸ್ಕರಿಸಿದವರ ಹೆಸರು ಬರೆದಿಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಎಣಿಸು ಎಂದಿದ್ದರು, ಎಣಿಸಿದೆ. ಆ ಏಳು, ಏಳು ಹುಡುಗಿಯರೋ, ಒಬ್ಬಳೇ ಏಳು ಸಲ ಗುಂಡಿ ಒತ್ತಿದಳೋ, ನನಗೆ ಗೊತ್ತಿಲ್ಲ.