ಲಾಕಿನ ಬಾಯಿ ಯಾವ ಕಡೆ

ಪೊನಿರಾಳ ಬೈಕು ಬರೀ ಬೈಕಲ್ಲ, ಅದೇ ಅವಳ ಅಂಗಡಿ. ಹಿಂದಿನ ಸೀಟಿನ ಎರಡೂ ಪಕ್ಕಕ್ಕೆ ಬಿದಿರಿನ ಬುಟ್ಟಿ ಕಟ್ಟಿ, ಸೊಪ್ಪು, ಸೋಯಾಕಾಳಿನ ತೆಂಪೆ ಬಿಲ್ಲೆ, ಮೆಣಸಿನಕಾಯಿ ಹೇರಿಕೊಂಡು ಕ್ಲಾತೆನ್ ಪಟ್ಟಣದ ಸುತ್ತಲಿನ ಗಲ್ಲಿಗಲ್ಲಿ ತಿರುಗಿದರೆ ಮನೆಯ ಒಲೆ ಉರಿಯುವುದು. ಅದರ ಚೈನು ಜೋಲುಬಿದ್ದು, ಏರು ಬಂದರೆ ಕಟಕಟನೆ ಜಾರತೊಡಗಿತ್ತು. ಗಂಡ ತುಗಿಮಾನ್ ಹೊಸ ಚೈನು ತಂದು, ಭಾನುವಾರ ಅಂಗಳದಲ್ಲೇ ಹಾಕಿಬಿಡ್ತೀನಿ ಅಂದ. ಹಿತ್ತಿಲಲ್ಲಿ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ಕೇರಿಯಲ್ಲಿ ಒಬ್ಬ ಸ್ಪ್ಯಾನರ್ ಹಿಡಿದರೆ ನಾಲ್ವರು ಬಂದು ಕುಕ್ಕರುಗಾಲಲ್ಲಿ ಕೂರುತ್ತಾರೆ. ಅವತ್ತು ಕೇರಿಯ ಮುಖಂಡರಾದ ಪಾಕ್ ಸಾಸ್ತ್ರೊ ಕೂಡ ದಯಮಾಡಿಸಿದರು. ಕುರ್ಚಿ ಬಂತು, ಕಾಫಿ ಬಂತು. ಪಾಕ್ ಅಂದರೆ ಅಪ್ಪ, ಯಜಮಾನ; ಅಂಥ ಹಿರಿಯರ ಮಾತಿಗೆ ಅಲ್ಲ ಅನ್ನುವ ಪದ್ಧತಿ ಅಲ್ಲಿಲ್ಲ. ಎದುರಿಗೆ ಹೌದು ಅನ್ನುವುದು, ಅವರು ಎದ್ದು ಹೋದಮೇಲೆ ತಮಗೆ ಬೇಕಾದ್ದು ಮಾಡುವುದು. ಪಾಕ್ ಸಾಸ್ತ್ರೊ ಮಾತ್ರ ಎದ್ದು ಹೋಗುವ ಪೈಕಿಯಲ್ಲ.

ಹಳೇ ಚೈನಿನ ತುದಿಗೆ ಹೊಸದನ್ನು ಸಿಕ್ಕಿಸಿ ಎಳೆದರೆ ಅದು ತಾನಾಗಿ ಮುಂದಿನ ಹಲ್ಲುಚಕ್ರ ಸುತ್ತಿ ಬರುತ್ತದೆ. ತುಗಿಮಾನ್ ಅದಕ್ಕೇ ಕೈಹಾಕಿದ್ದ.

"ಹಳೇ ದರಿದ್ರಾನ ಹೊಸದಕ್ಕೆ ಯಾಕಯ್ಯ ಅಂಟಿಸ್ತೀಯಾ? ಪೂರಾ ಕಿತ್ತು ಬಿಸಾಕು," ಅಂದರು ಸಾಸ್ತ್ರೊ.

"ಹೌದು ಪಾಕ್," ಅಂದ ತುಗಿಮಾನ್. ನಾಲ್ವರೂ ಕೋಲೆಬಸವನಂತೆ ತಲೆಯಾಡಿಸಿ, "ಹೌದ್ಹೌದು," ಅಂದರು. ಆಮೇಲೆ ಹಲ್ಲುಚಕ್ರದ ಕವರು ಬಿಚ್ಚಿ, ಗ್ರೀಸಿನೊಳಗೆ ಬೆರಳು ತೂರಿಸಿ ಹೊಸ ಚೈನು ಸುತ್ತಿಸುವಷ್ಟರಲ್ಲಿ ಪೊನಿರಾ ಮತ್ತೆ ಕಾಫಿಗೆ ನೀರಿಡಬೇಕಾಯಿತು.

ಉಳಿದದ್ದು ಲಾಕು. ಚೈನಿನ ಎರಡು ತುದಿಗಳನ್ನು ಕೂಡಿಸುವ ಆ ಪುಟ್ಟ ಕ್ಲಿಪ್ಪಿನ ತೆರೆದ ಬಾಯಿ, ಚೈನು ಓಡುವ ದಿಕ್ಕಿಗೆ ಹಿಂದಾಗಿರಬೇಕು. ಮುಂದಕ್ಕಿದ್ದರೆ ಏನಾದರೂ ತಗುಲಿ ಹಾರಿಹೋದೀತು. ಓಡುತ್ತಿರುವಾಗ ಚೈನು ಬಿಚ್ಚಿ ಚಕ್ರಕ್ಕೆ ಸುತ್ತಿಕೊಂಡರೆ ಬುಟ್ಟಿಯೂ ಇಲ್ಲ, ಬುಟ್ಟಿಯೊಡತಿಯೂ ಇಲ್ಲ. ಇದು ಕುಕ್ಕರುಗಾಲಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತು.

"ಬಾಯಿ ಮುಂದಕ್ಕೆ ಹಾಕು. ಯಾರಿಗಾದ್ರೂ ಬೆನ್ನಲ್ಲಿ ಬಾಯಿ ಇರುತ್ತೇನಯ್ಯ?"

"ಹೌದು ಪಾಕ್," ಎಂದು ತುಗಿಮಾನ್ ಬಾಯಿ ಮುಂದಾಗಿಯೇ ಲಾಕು ಒತ್ತಿ ಕೂರಿಸಿದ.

"ಹೌದ್ಹೌದು."

ಪೊನಿರಾ ಕಾಫಿಯ ತಟ್ಟೆ ಕೆಳಗಿಟ್ಟಳು. ಗಂಡನ ಪಕ್ಕ ಬಗ್ಗಿ, "ರೀ, ನಾಳೆ ಲಾರಿಗಳ ಮಧ್ಯೆ ಹೋಗೋಳು ನಾನು," ಎಂದು ಪಿಸುಗುಟ್ಟಿದಳು.

"ಅವರು ಹೋಗ್ಲಿ ತಡಿಯೇ, ತಿರುಗಿಸಿ ಹಾಕ್ತೀನಿ."

ಅಷ್ಟರಲ್ಲಿ ಸಾಸ್ತ್ರೊ, "ಹತ್ತಮ್ಮ ಪೊನಿರಾ, ಸೇತುವೆ ತನಕ ಜೋರಾಗಿ ಬಿಟ್ಕೊಂಡು ಬಾ. ಕೆಲಸ ಹೆಂಗಾಗಿದೆ ನೋಡೋಣ," ಅಂದರು.

"ಹೌದ್ಹೌದು," ಅಂದರು ನಾಲ್ವರು. ಜೊತೆಗೆ ತುಗಿಮಾನನ ದನಿಯೂ ಸೇರಿತ್ತು. ತಾಳಿದವಳು ಬಾಳಿಯಾಳು ಅಂತಾರಲ್ಲ, ಪೊನಿರಾ ಹಲ್ಲುಕಚ್ಚಿ ತಾಳಿದಳು. ಬಳಿಕ ನಡು ಬಗ್ಗಿಸಿ, ಹಿರಿಯರೆದುರು ತೋರುಬೆರಳು ಚಾಚಬಾರದೆಂಬ ಅಲ್ಲಿನ ಮರ್ಯಾದೆಯಂತೆ ಹೆಬ್ಬೆರಳು ಚಾಚಿ ಸೀಟು ತೋರಿಸಿದಳು.

"ಅಯ್ಯೋ, ಎಲ್ಲಾದ್ರೂ ಉಂಟಾ ಪಾಕ್? ಹಿರಿಯರು ಇರೋವಾಗ ನಾನು ಮೊದಲು ಹತ್ತೋದಾ? ತಾವೇ ಹತ್ತಿ. ಸೇತುವೆ ತನಕ, ಜೋರಾಗಿ."

"ಹೌದ್ಹೌದು."

ಸಾಸ್ತ್ರೊ ಎದ್ದರು. ಹ್ಯಾಂಡಲ್ ಹಿಡಿದರು. ಬಗ್ಗಿ ಚೈನನ್ನೇ ನೋಡುತ್ತ ನಿಂತು ಕೆಮ್ಮಿದರು.

"ತುಗಿಮಾನ್, ಆ ಲಾಕು... ಒಂದ್ಸಲ ತಿರುಗಿಸಿ ಹಾಕಿಬಿಡು. ಬಾಯಿ ಹಿಂದಕ್ಕೇ ಇರ್ಲಿ. ಸುಮ್ನೆ, ನೋಡೋಕೆ ಚೆಂದ."

ಗೊತ್ತಿತ್ತು ಮಹಾರಾಯನಿಗೆ! ಪೊನಿರಾಳ ಮೈಯೆಲ್ಲ ಉರಿದುಹೋಯಿತು.

"ಹಂಗಾದ್ರೆ ನನ್ನ ಕತ್ತಿಗೆ ಒಂದು ನ್ಯಾಯ, ತಮ್ಮ ಕತ್ತಿಗೆ ಒಂದು ನ್ಯಾಯಾನಾ ಪಾಕ್?"

ನಾಲ್ವರೂ ರೂಢಿಯಂತೆ, "ಹೌದ್ಹೌದು," ಅಂದರು. ಈ ಸಲ ಅವರಿಗಿಂತ ಒಂದು ಗಳಿಗೆ ಮುಂಚೆಯೇ, ಹೆಂಡತಿಯ ಮುಖ ನೋಡಿ ಹಾಗಂದವನು ತುಗಿಮಾನ್.