ಉದ್ದಿನೊಳಗೆ ಚೆಲ್ಲಿದ ಹುರಳಿ

ಝರಾಸಂಗಂ ಊರಿನ ಶಿವಶಂಕರಪ್ಪನಿಗೆ ತನ್ನ ಹೊಲದ ಚೊಕ್ಕಟತನದ ಮೇಲೆ ವಿಪರೀತ ಹೆಮ್ಮೆ. ಉದ್ದು ಕಿತ್ತ ಮರುದಿನವೇ ಎತ್ತು ಹೂಡಿ, ಒಂದು ಹುಲ್ಲುಕಡ್ಡಿಯೂ ಉಳಿಯದಂತೆ ನೆಲವನ್ನು ಬೋಳು ಮಾಡಿ, ಬದುವಿನ ಮೇಲೆ ನಿಂತು ಮೀಸೆ ತಿರುವುತ್ತಿದ್ದ. ಮಳೆಗೆ ಮಣ್ಣು ಕೊಚ್ಚಿಹೋದರೆ ಅದು ಮಳೆಯ ತಪ್ಪು. ಅವನದು ತಪ್ಪೇ ಇರುತ್ತಿರಲಿಲ್ಲ.

ಅಪ್ಪ ಬಿಟ್ಟುಹೋದ ಇಳಿಜಾರು ಹೊಲದ ಮೇಲಿನ ತುಂಡನ್ನು ಅವನು, ಕೆಳಗಿನ ತುಂಡನ್ನು ತಮ್ಮ ಶಾಂತಪ್ಪ ಮಾಡುತ್ತಿದ್ದರು. ಪಾಲು ಇನ್ನೂ ಆಗಿರಲಿಲ್ಲ.

ಆ ವರ್ಷ ಉದ್ದಿನ ಎಲೆ ಹಳದಿಗೆ ತಿರುಗುವ ಹೊತ್ತಿಗೆ ಶಾಂತಪ್ಪ ಧೋತರದ ಮಡಿಲಲ್ಲಿ ಹುರಳಿ ತುಂಬಿಕೊಂಡು, ನಿಂತ ಬೆಳೆಯೊಳಗೇ ಚೆಲ್ಲುತ್ತ ನಡೆದ. ಅವನ ಹೆಂಡತಿ ಶಕುಂತಲಾಬಾಯಿಯ ತವರು ತಾಂಡೂರಿನ ಹತ್ತಿರದ ಕರಣಕೋಟ. ಅಲ್ಲಿ ಹೀಗೆಯೇ ಮಾಡುತ್ತಿದ್ದರು. ಉದುರಿದ ಎಲೆ ಬೀಜವನ್ನು ಮುಚ್ಚುತ್ತದೆ, ಉದ್ದು ಕಿತ್ತ ಮೇಲೂ ನೆಲ ಬತ್ತಲೆಯಾಗುವುದಿಲ್ಲ.

ಶಿವಶಂಕರಪ್ಪ ಬದುವಿನ ಮೇಲಿಂದಲೇ ಕೂಗಿದ. "ಏನೋ ಇದು? ಕೂಸು ಹೊಟ್ಟ್ಯಾಗ ಇರೂವಾಗೇ ಮತ್ತೊಂದು ಬಸುರೇನು?"

"ಕರಣಕೋಟದಾಗ ಹಿಂಗೇ ಮಾಡ್ತಾರಣ್ಣ."

"ಕರಣಕೋಟದಾಗ ಕಾಳು ಬೆಳೀದಿಲ್ಲಂತೇ ನಿಮ್ಮ ಮಾವ ಮಗಳನ್ನ ಇಲ್ಲಿ ತಂದು ದೂಡ್ಯಾನ!"

ಬುತ್ತಿ ಹೊತ್ತು ಬರುತ್ತಿದ್ದ ಶಕುಂತಲಾಬಾಯಿಗೆ ಕೇಳಲೆಂದೇ ಆಡಿದ ಮಾತು ಅದು. ಅವಳಿಗೆ ಕೇಳಿಸಿತು.

ಉದ್ದು ಕಿತ್ತಾಯಿತು. ಕೆಳಗಿನ ತುಂಡಿನ ತುಂಬ ಹುರಳಿ ಬಳ್ಳಿ ಹಬ್ಬಿತು. "ನಮ್ಮ ತಮ್ಮ ಹೊಲಸು ಬೆಳಿಯಾಕ ಕಲ್ತಾನ" ಎಂದು ಶಿವಶಂಕರಪ್ಪ ಹೋಗಿಬರುವವರನ್ನೆಲ್ಲ ನಿಲ್ಲಿಸಿ ತೋರಿಸಿದ. ಜಹೀರಾಬಾದಿನ ಸಂತೆಯಲ್ಲೂ ಅದೇ ಸುದ್ದಿ.

ಹಸ್ತ ಮಳೆ ಬಿಟ್ಟೂಬಿಡದೆ ಹೊಡೆಯಿತು. ಅಣ್ಣನ ಬೋಳು ಹೊಲದಲ್ಲಿ ಕೊರಕಲು ಬಿದ್ದು, ಮೇಲ್ಮಣ್ಣೆಲ್ಲ ಇಳಿದು ಬಂದು ತಮ್ಮನ ಬಳ್ಳಿಗಳಲ್ಲಿ ಸಿಕ್ಕಿಕೊಂಡಿತು. ಮೇಲಿನ ತುಂಡಿನಲ್ಲಿ ಬರೀ ಗರಸುಕಲ್ಲು, ಕೆಳಗಿನದರಲ್ಲಿ ಕೈಯಷ್ಟು ದಪ್ಪ ಹೊಸ ಮಣ್ಣು.

ಮಳೆ ನಿಂತ ಮೇಲೆ ಶಿವಶಂಕರಪ್ಪ ಪಂಚರನ್ನು ಮನೆಗೆ ಕರೆಸಿ ಪಾಲು ಕೇಳಿದ. ಕೆಳಗಿನ ತುಂಡು ತನಗೇ ಬೇಕೆಂದ.

"ನನ್ನ ಹೊಲದ ಮಣ್ಣು ಅಲ್ಲಿ ಹೋಗಿ ಕುಂತದ್ರಿ. ಮಣ್ಣು ಎಲ್ಲಿ ಅದನೋ ಹೊಲ ಅಲ್ಲೇ."

ಶಾಂತಪ್ಪ ತಲೆ ತಗ್ಗಿಸಿದ. ಭಾವನ ಎದುರು ಎಂದೂ ಬಾಯಿ ತೆರೆಯದ ಶಕುಂತಲಾಬಾಯಿ ಬಾಗಿಲ ಮರೆಯಿಂದ ಹೊರಗೆ ಬಂದು ನಿಂತಳು.

"ಹೊಲಸು ಹೊಲ ಅಂತ ಊರ ತುಂಬ ಸಾರಿದ್ರಿ. ಆ ಹೊಲಸು ನಿಮಗ್ಯಾಕ್ರಿ ಭಾವ?"

ಶಿವಶಂಕರಪ್ಪ ನಾಚಲಿಲ್ಲ. "ಹೊಲ ನಮ್ಮಪ್ಪಂದು. ಹುರಳಿ ನಿಮ್ಮಪ್ಪಂದು. ಹುರಳಿ ಕಿತ್ಗೊಂಡು ಹೋಗು."

ಪಂಚರಲ್ಲಿ ಒಬ್ಬ ನಕ್ಕ. ಹಿರಿಯನ ಮಾತು ನಡೆಯಲಿ ಎಂದು ಉಳಿದವರು ಎದ್ದರು. ಎಲ್ಲರೂ ಶಿವಶಂಕರಪ್ಪನ ಮನೆಯ ಚಹಾ ಕುಡಿದವರೇ.

ಮರುದಿನ ಶಕುಂತಲಾಬಾಯಿ ಹೊಲಕ್ಕೆ ಹೋಗಿ ಬಳ್ಳಿಗಳನ್ನು ಬೇರುಸಹಿತ ಜಗ್ಗತೊಡಗಿದಳು. ಶಾಂತಪ್ಪ ಹಿಂದೆಯೇ ಓಡಿಬಂದ.

"ಕೀಳಬ್ಯಾಡ. ಮಣ್ಣೇನು ತಪ್ಪು ಮಾಡ್ಯಾದ?"

"ಮಣ್ಣಿಗೆ ಕಣ್ಣಿದ್ರ ಅದೂ ಅವರ ಮಾರಿಗಿ ಉಗುಳ್ತಿತ್ತು."

ಅವನು ಕುಡುಗೋಲು ಕೊಟ್ಟ. ಅವಳು ಗಂಡನನ್ನು ನೋಡಿದಳು. ಇಂಥವನಿಗೆ ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಕೊನೆಗೆ ಬಗ್ಗಿ, ಬೇರು ನೆಲದಲ್ಲೇ ಬಿಟ್ಟು ಬಳ್ಳಿ ಮಾತ್ರ ಕೊಯ್ದಳು. ಎಮ್ಮೆಗೆ ಮೇವಾಯಿತು.

ಮುಂದಿನ ಮುಂಗಾರಿಗೆ ಆ ತುಂಡಿನಲ್ಲಿ ಶಿವಶಂಕರಪ್ಪನ ಹೆಸರುಕಾಳಿನ ಬೆಳೆ ಹುಲುಸಾಗಿ ಬಂತು. "ರಂಟೀ ಹೊಡಿಯೂ ಕೈ ಬೇಕ್ರಪ್ಪ" ಎಂದು ಅವನು ಸಂತೆಯಲ್ಲಿ ಉಳುಮೆಯ ಪಾಠ ಹೇಳಿದ. ಜನ ತಲೆದೂಗಿದರು. ತಲೆದೂಗಲು ಏನು ಖರ್ಚು?

ಪಾಲಿಗೆ ಬಂದ ಮೇಲಿನ ಗರಸು ನೆಲದಲ್ಲಿ ಶಾಂತಪ್ಪನ ಉದ್ದು ಬಡಕಲಾಗಿಯೇ ಬಂತು. ಎಲೆ ಹಳದಿಯಾದಾಗ ಗಂಡಹೆಂಡತಿ ಇಬ್ಬರೂ ಹುರಳಿ ಚೆಲ್ಲಿದರು.

"ಅವರ ಬಡಾಯಿ ಕೇಳಿ ನಿಮಗ ಸಿಟ್ಟು ಬರಲ್ಲೇನ್ರಿ?" ಎಂದಳು ಅವಳು.

"ಬರ್ತದ. ಮೊದಲು ಆ ಮೂಲ್ಯಾಗ ಚೆಲ್ಲೂದು ಮುಗಸು, ಮೋಡ ಕಟ್ಯಾದ."