ಬದಲಾಯಿಸದೆ ಬಿಟ್ಟ ಮುದ್ರೆ

ಬೆಳಗಿನ ಏಳು ಗಂಟೆಯಾದರೂ ದಾರಿಯಲ್ಲಿ ಒಂದು ಕುದುರೆಯೂ ಕಾಣದಿದ್ದಾಗ ಹಲ್ಡಾ ರೆನ್‌ಫ್ರೋ ಮತ್ತೊಮ್ಮೆ ಅಂಗಳಕ್ಕೆ ಬಂದು ಗುಡ್ಡದತ್ತ ನೋಡಿದಳು. ಅವತ್ತು ಅವಳ ಕರುಗಳಿಗೆ ಕಾದ ಕಬ್ಬಿಣದಿಂದ ಒಡೆಯರ ಗುರುತಿನ ಮುದ್ರೆ ಹಾಕುವ ದಿನ. ಸೇಜ್ ಹಳ್ಳದ ಆಚೀಚೆ ಯಾರ ದೊಡ್ಡಿಯಲ್ಲಿ ಈ ಕೆಲಸವಿದ್ದರೂ ಹೊತ್ತು ಹುಟ್ಟುವ ಮೊದಲೇ ನೆರೆಯವರೆಲ್ಲ ಹಗ್ಗ ಸುತ್ತಿಕೊಂಡು ಬಂದುಬಿಡುತ್ತಾರೆ. ಇವತ್ತು ನಿನ್ನದು, ನಾಳೆ ನನ್ನದು; ಬಾ ಎಂದು ಕರೆಯುವ ಪದ್ಧತಿಯೇ ಇಲ್ಲ. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಮೊಂಟಾನಾದ ಆ ಬಯಲಿನಲ್ಲಿ ಅವಳು ದನ ಸಾಕಿಕೊಂಡು ನಿಂತದ್ದು ಅದೇ ಬಲದಿಂದ. ಒಲೆಯ ಮೇಲೆ ಹನ್ನೆರಡು ಮಂದಿಗಾಗುವಷ್ಟು ಬೀನ್ಸ್ ಕಾಳು ಬೇಯುತ್ತಿತ್ತು.

ದೊಡ್ಡಿಯಲ್ಲಿ ನಲವತ್ತು ಕರುಗಳು ತಾಯಂದಿರಿಗಾಗಿ ಅರಚುತ್ತಿದ್ದವು. ಕೆಲಸದಾಳು ಗಸ್ ಮುದುಕ ಬೆಂಕಿಯ ಮುಂದೆ ಕೂತು ಕಬ್ಬಿಣ ಕಾಯಿಸುತ್ತಿದ್ದ.

"ಯಾರೂ ಬರಲ್ಲ ಬಿಡಿ, ಅಮ್ಮಾವ್ರೇ," ಅಂದ.

"ನೀನು ಬಾಯಿ ಮುಚ್ಕೊಂಡು ಸೌದೆ ಹಾಕು."

"ಹಾಕ್ತೀನಮ್ಮ. ಸೌದೆ ಹಾಕಿದ್ರೆ ಜನ ಬರ್ತಾರಾ? ನೀವು ಬರೆದಿದ್ದನ್ನ ಅಂಚೆ ಆಫೀಸಿನ ಮುಂದೆ ನಿಂತು ಗಟ್ಟಿಯಾಗಿ ಓದಿದಾರೆ. ಅಕ್ಷರ ಬರದ ನನಗೂ ಬಾಯಿಪಾಠ ಆಗಿದೆ."

ಹಲ್ಡಾ ತಾನೇ ಸೌದೆ ಎತ್ತಿ ಬೆಂಕಿಗೆ ಹಾಕಿದಳು. ಹಿಮ ಬಿದ್ದು ದಾರಿ ಕಟ್ಟಿದ ತಿಂಗಳುಗಳಲ್ಲಿ ಅವಳು ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕಥೆ ಬರೆಯುತ್ತಿದ್ದಳು. ಶಿಕಾಗೋದ ಒಂದು ಪತ್ರಿಕೆ ಅವನ್ನು ಅಚ್ಚು ಹಾಕುತ್ತಿತ್ತು, ನೆರೆಯವರು ಹೆಮ್ಮೆಪಡುತ್ತಿದ್ದರು. ಈ ಸಲ ಬರೆದದ್ದು ಲೆಮ್ ಟಾಲಿವರ್‌ನ ಕಥೆ. ಲೆಮ್ ಅಂದರೆ ಪಕ್ಕದ ಗುಡ್ಡದಾಚೆಯವನು, ಅವಳ ಗಂಡನ ಹೆಣಕ್ಕೆ ಹೆಗಲು ಕೊಟ್ಟವನು. ಎರಡು ವರ್ಷದ ಹಿಂದಿನ ಆ ಕೆಟ್ಟ ಚಳಿಗಾಲದಲ್ಲಿ ಹಿಮದಲ್ಲಿ ಸಿಕ್ಕಿಬಿದ್ದು ಬದುಕುವಂತಿಲ್ಲದ ಅರವತ್ತು ಹಸುಗಳನ್ನು ಅವನು ತನ್ನ ಕೈಯಾರೆ ಗುಂಡಿಟ್ಟು ಕೊಂದು, ನೆಟ್ಟಗೆ ಅವಳ ಅಡುಗೆಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಿದ್ದ. ಕೊನೆಯ ಗುಂಡನ್ನು ನನಗೇ ಇಟ್ಟುಕೊಂಡಿದ್ದೆ, ಕೈ ಬರಲಿಲ್ಲ ಅಂದಿದ್ದ. ಹೆಂಡತಿ ರೂಬಿಗೆ ಹೇಳಬೇಡ ಅಂತಲೂ ಅಂದಿದ್ದ.

ಹಲ್ಡಾ ಹೇಳಲಿಲ್ಲ, ಬರೆದಳು. ಹೆಸರು ಬದಲಾಯಿಸಿದಳು, ಊರು ಬದಲಾಯಿಸಿದಳು, ಗಡ್ಡವಿಲ್ಲದವನಿಗೆ ಗಡ್ಡ ಅಂಟಿಸಿದಳು. ಆದರೆ ಸತ್ತುಬಿದ್ದ ಹಸುಗಳ ಸೊಂಟದ ಮೇಲಿನ ಮುದ್ರೆಯನ್ನು ಮಾತ್ರ ಇದ್ದ ಹಾಗೇ ಬಿಟ್ಟಳು: ಬೆನ್ನಿಗೆ ಬೆನ್ನು ಕೊಟ್ಟ ಎರಡು ಅರ್ಧಚಂದ್ರ. ಬೇಕೆಂದು ಮಾಡಿದ್ದಲ್ಲ. ಹಸು ಎಂದೊಡನೆ ಕಣ್ಣಿಗೆ ಕಟ್ಟುತ್ತಿದ್ದದ್ದೇ ಆ ಗುರುತು, ಬೆರಳು ತಾನಾಗಿ ಬರೆದುಬಿಟ್ಟಿತು. ಅಯ್ಯೋ ಪುಣ್ಯಾತ್ಗಿತ್ತಿ! ಆ ಸೀಮೆಯಲ್ಲಿ ಹೆಸರು ಯಾರಿಗೆ ಬೇಕಿತ್ತು? ಎರಡು ಅರ್ಧಚಂದ್ರ ಅಂದರೆ ಮೂರು ವರ್ಷದ ಕೂಸೂ ಲೆಮ್ ಅನ್ನುತ್ತದೆ.

ಎಂಟು ಗಂಟೆಯ ಹೊತ್ತಿಗೆ ಗುಡ್ಡದ ಮೇಲೆ ಒಂದೇ ಒಂದು ಕುದುರೆ ಕಾಣಿಸಿತು. ಬಂದವನು ಲೆಮ್.

"ಕಬ್ಬಿಣ ಕಾದಿದೆಯಾ?" ಎಂದು ಅವನು ಗಸ್‌ನನ್ನು ಕೇಳಿದ. ಅವಳತ್ತ ನೋಡಲಿಲ್ಲ.

ಮೂರೇ ಜನ ನಲವತ್ತು ಕರುಗಳಿಗೆ ಮುದ್ರೆ ಹಾಕಿದರು. ಲೆಮ್ ಕುದುರೆಯ ಮೇಲಿಂದ ಕುಣಿಕೆ ಎಸೆದು ಕರುವನ್ನು ಬೆಂಕಿಯ ಹತ್ತಿರಕ್ಕೆ ಎಳೆದು ತರುತ್ತಿದ್ದ, ಗಸ್ ಏದುಸಿರು ಬಿಡುತ್ತ ಅದನ್ನು ಕೆಡವುತ್ತಿದ್ದ, ಹಲ್ಡಾ ಕಬ್ಬಿಣ ಒತ್ತುತ್ತಿದ್ದಳು. ಸುಟ್ಟ ಕೂದಲ ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದು ಒಳ್ಳೆಯದೇ ಆಯಿತು. ಅವನ ಕುಣಿಕೆ ಒಮ್ಮೆಯೂ ತಪ್ಪಲಿಲ್ಲ. ಬಂದನಲ್ಲ, ಮನಸ್ಸು ಕರಗಿರಬೇಕು ಅಂದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅದನ್ನು ನಂಬಿಯೂಬಿಟ್ಟಳು.

"ಊಟಕ್ಕೆ ಬಾ ಲೆಮ್," ಎಂದು ಕರೆದಳು.

ಅವನು ಜೀನಿನ ಚೀಲದಿಂದ ಕಾಗದದಲ್ಲಿ ಸುತ್ತಿದ ಬ್ರೆಡ್ಡು ತೆಗೆದು ಬೇಲಿಗೆ ಒರಗಿ ನಿಂತು ತಿಂದ. ಕೆಲಸ ಮಾಡಿದ ಮನೆಯಲ್ಲಿ ಊಟ ಮಾಡದೆ ಬುತ್ತಿ ತಂದವನನ್ನು ಆ ಬಯಲಿನಲ್ಲಿ ಯಾರೂ ಕಂಡಿರಲಿಲ್ಲ. ಗಸ್ ತಟ್ಟೆ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದ.

"ತಪ್ಪಾಯ್ತು ಕಣೋ," ಅಂದಳು ಹಲ್ಡಾ. "ಗೊತ್ತಾಗದೆ ಆಗೋಯ್ತು. ದೇವರಾಣೆ, ನಿನ್ನ ಮರ್ಯಾದೆ ತೆಗೀಬೇಕು ಅಂತ ಬರೀಲಿಲ್ಲ."

"ಗೊತ್ತು."

"ಮತ್ತೆ?"

"ರೂಬಿ ಈಗ ನನ್ನನ್ನ ಕೊಟ್ಟಿಗೆಗೆ ಒಬ್ಬನೇ ಕಳಿಸಲ್ಲ. ಹತ್ತು ನಿಮಿಷ ತಡ ಆದ್ರೆ ಓಡಿ ಬರ್ತಾಳೆ, ಚಪ್ಪಲಿನೂ ಹಾಕ್ಕೊಳಲ್ಲ. ಬಂದೂಕು ಎಲ್ಲಿ ಬಚ್ಚಿಟ್ಟಿದ್ದಾಳೋ ನನಗೂ ಗೊತ್ತಿಲ್ಲ. ನೀನು ಚೆನ್ನಾಗೇ ಬರ್ದಿದೀಯ ಹಲ್ಡಾ. ಅದೇ ಕಷ್ಟ."

ಅವಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

ಸಂಜೆ ಕೊನೆಯ ಕರುವನ್ನು ಬಿಟ್ಟ ಮೇಲೆ ಲೆಮ್ ಹಗ್ಗ ಸುತ್ತಿ ಕುದುರೆ ಹತ್ತಿದ. ಅವಳು ಓಡಿ ಹೋಗಿ ಲಗಾಮು ಹಿಡಿದಳು.

"ನಿನ್ನದು ಶನಿವಾರ ತಾನೆ? ನಾನೂ ಗಸ್ಸೂ ಬೆಳಗ್ಗೆ ನಾಲ್ಕಕ್ಕೇ ಅಲ್ಲಿರ್ತೀವಿ."

"ಬರಬೇಡ."

"ಅದು ಹೇಗಾಗುತ್ತೆ? ನೀನು ಬಂದಿದ್ದೀಯ, ನಾನು ಬರಬೇಡ್ವಾ?"

"ಇವತ್ತಿನದು ಬಿಟ್ಟಿ ಅಂದ್ಕೋ," ಅಂದ ಲೆಮ್. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಕರುಗಳು ಏನ್ ತಪ್ಪು ಮಾಡಿದ್ವು? ಅದಕ್ಕೆ ಬಂದೆ. ದಾರಿಹೋಕರದ್ದಾದ್ರೂ ಬರ್ತಿದ್ದೆ."

ಅವಳ ಕೈ ತಾನಾಗಿ ಲಗಾಮನ್ನು ಬಿಟ್ಟಿತು. ಅವನು ಎರಡು ಬೈದಿದ್ದರೆ ಅವಳು ತಿರುಗಿ ನಾಲ್ಕು ಬೈದು, ಅತ್ತು, ರಾಜಿಯಾಗುತ್ತಿದ್ದಳು. ಬಿಟ್ಟಿ ಎಂದವನ ಹತ್ತಿರ ಜಗಳವಾಡುವುದಾದರೂ ಹೇಗೆ?

ಶನಿವಾರ ಅವಳು ತಡೆಯಲಾರದೆ ಕುದುರೆ ಹತ್ತಿ ಹೋದಳು. ಲೆಮ್‌ನ ಗೇಟಿಗೆ ಬೀಗವಿರಲಿಲ್ಲ, ಕಾವಲಿರಲಿಲ್ಲ. ಬರೀ ಒಂದು ತಂತಿಯ ಕುಣಿಕೆ. ತಗ್ಗಿನಲ್ಲಿ ದೊಡ್ಡಿಯ ತುಂಬ ಜನ, ಧೂಳು, ಕರುಗಳ ಅರಚಾಟ. ಯಾರೋ ಒಬ್ಬ ಕುದುರೆಯಿಂದ ಬಿದ್ದನೆಂದು ಎಲ್ಲರೂ ಹೋ ಎಂದು ನಕ್ಕರು. ಹೋದರೆ ಯಾರೂ ತಡೆಯುತ್ತಿರಲಿಲ್ಲ, ತಟ್ಟೆಯನ್ನೂ ಹಾಕುತ್ತಿದ್ದರು. ದಾರಿಹೋಕರಿಗೆ ಹಾಕಿದ ಹಾಗೆ. ಹಲ್ಡಾ ಕುದುರೆಯಿಂದ ಇಳಿಯಲಿಲ್ಲ. ಅಷ್ಟರಲ್ಲಿ ರೂಬಿ ಬಾಗಿಲಿಗೆ ಬಂದು ಒಬ್ಬೊಬ್ಬರ ಹೆಸರನ್ನೂ ಹಿಡಿದು ಊಟಕ್ಕೆ ಕೂಗತೊಡಗಿದಳು. ಹಲ್ಡಾ ಕೊನೆಯ ಹೆಸರಿನವರೆಗೂ ಕೇಳಿಸಿಕೊಂಡು, ಕುದುರೆಯನ್ನು ತಿರುಗಿಸಿದಳು.